ಕಲಿಕೆಯ ಯೋಜನೆಯಲ್ಲಿ ಅಮ್ಮನ ಕಾಲು

ಶ್ರೀನಿವಾಸಪುರ
೧೧-೨-೧೯೮೬, ಮಂಗಳವಾರ

ಅಮ್ಮನಿಗೆ ಅನಂತುವಿನ ನಮಸ್ಕಾರ.

ನಿನ್ನ ಕಾಗದ ತಲುಪಿತು. ಪಕ್ಕದ ಮನೆ ಸುಂದರಾಬಾಯಿಯವರ ಮೊಮ್ಮಗುವಿನ ನಾಮಕರಣದ ಊಟದವರೆಗೂ ಬರೆದಿದ್ದೀಯ. ನಿನ್ನ ಕಾಲಿನ ಗಾಯದ ಮಾತು ಮಾತ್ರ ಇಲ್ಲ. ಅದನ್ನು ತಮ್ಮ ನಾರಾಯಣ ಬೇರೆಯಾಗಿ ತಿಳಿಸಿದ್ದಾನೆ. ಅವನನ್ನು ಬೈಯಬೇಡ. ಹೆಬ್ಬೆರಳಿನ ಪಕ್ಕ ಚಪ್ಪಲಿ ಕಚ್ಚಿದ ಗಾಯ ಸಂಕ್ರಾಂತಿಯಿಂದ ಮಾಗಿಲ್ಲವಂತೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಮನೇಲೇ ಡಾಕ್ಟರಿದ್ದಾಳೆ ಕಣೋ. ಯುಗಾದಿಗೆ ಬಂದು ಅವಳೇ ನೋಡ್ತಾಳೆ" ಅಂದೆಯಂತೆ. ನಿನಗೆ ಸಕ್ಕರೆ ಕಾಯಿಲೆ ಇದೆ ಅಮ್ಮ. ಅಂಥ ಗಾಯ ಹಬ್ಬದವರೆಗೆ ಕಾಯುವುದಿಲ್ಲ. ಬೆರಳು ಉಳಿಯಬೇಕಾದರೆ ಈ ವಾರವೇ ತೋರಿಸಬೇಕು.

ಕುಟುಂಬ ವೈದ್ಯರ ತರಬೇತಿ ಎಂದರೆ ಏನು ಕಲಿಸುತ್ತಾರೆ ಎಂದು ನೀನು ಕೇಳಿದ್ದೆ. ಇಲ್ಲಿ ಮೂರು ತಿಂಗಳಿಗೊಮ್ಮೆ ನಾವೇ ಒಂದು ಕಲಿಕೆಯ ಯೋಜನೆ ಬರೆಯಬೇಕು: ನನಗೆ ಏನು ಬರುವುದಿಲ್ಲ, ಅದನ್ನು ಹೇಗೆ ಕಲಿಯುತ್ತೇನೆ, ಕಲಿತದ್ದು ಹೇಗೆ ಗೊತ್ತಾಗುತ್ತದೆ. ನಮ್ಮ ಮಾರ್ಗದರ್ಶಕರು ಡಾ. ಲಕ್ಷ್ಮೀನಾರಾಯಣ ಅದನ್ನು ಓದಿ, ಎದುರಿಗೆ ಕೂರಿಸಿಕೊಂಡು ಮಾತನಾಡುತ್ತಾರೆ. ಮೊದಲ ಸಲ ನಾನು ಇ.ಸಿ.ಜಿ. ಓದುವುದು, ಮುರಿದ ಮೂಳೆಗೆ ಕಟ್ಟು ಹಾಕುವುದು ಎಂದು ಅಂದವಾಗಿ ಬರೆದುಕೊಟ್ಟೆ. ಅವರು ನಕ್ಕರು. "ಇದೆಲ್ಲ ನಿಮಗೆ ಆಗಲೇ ಬರುತ್ತೆ ಕಣಮ್ಮ. ಮಾರ್ಕ್ಸ್ ಬರೋ ಕಡೆ ಕೈ ಎತ್ತಿದೀರಿ. ನಿಮ್ಮ ಹತ್ರ ಒಂದು ಸಲ ಬಂದು ಮತ್ತೆ ಬರದೇ ಹೋದೋರು ಯಾರು, ಅವರನ್ನ ಹುಡುಕ್ಕೊಂಡು ಹೋಗಿ" ಅಂದರು.

ಹಾಗೆ ಹುಡುಕಿಕೊಂಡು ಹೋದದ್ದು ರಾಯಲ್ಪಾಡಿನ ಕದಿರಮ್ಮನ ಮನೆಗೆ. ಆಕೆಗೂ ನಿನ್ನದೇ ಕಾಯಿಲೆ. ಮುದ್ದೆ, ಅನ್ನ ಬಿಟ್ಟು ಚಪಾತಿ ತಿನ್ನಬೇಕು ಎಂದು ನಾನು ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಟ್ಟಿದ್ದೆ. ಆಕೆ ಎಲ್ಲಕ್ಕೂ ತಲೆಯಾಡಿಸಿ ಹೋದವಳು ಮತ್ತೆ ಬಂದಿರಲಿಲ್ಲ. ನನ್ನನ್ನು ಕಂಡವಳೇ, "ಬಾ ಅಮ್ಮಾಯಿ, ಬಾ! ಸಂಗಟಿ ಬಿಟ್ಟು ಚಪಾತಿ ತಿನ್ನು ಅಂದ್ಯಲ್ಲ, ಒತ್ತೋಕೆ ನಿಮ್ಮಮ್ಮನ್ನ ಕಳಿಸ್ತೀಯಾ?" ಅಂದಳು. ಅವರ ಕಡೆ ಅಮ್ಮಾಯಿ ಎಂದರೆ ಹುಡುಗಿ, ಸಂಗಟಿ ಎಂದರೆ ರಾಗಿಮುದ್ದೆ. ಆ ಮನೆಗೆ ಗೋಧಿಹಿಟ್ಟು ಬಂದದ್ದೇ ಇಲ್ಲ. ಒಲೆಯ ಮುಂದೆ ಕೂತು ಆಕೆ ದಿನವೆಲ್ಲ ತಿನ್ನುವುದನ್ನು ಕೇಳಿಕೊಂಡೆ. ಮುದ್ದೆ ಇರಲಿ, ಗಾತ್ರ ಚಿಕ್ಕದಾಗಲಿ, ಸೊಪ್ಪಿನ ಸಾರು ಹೆಚ್ಚಲಿ, ಮಾವಿನ ಕಾಲದಲ್ಲಿ ಮಾತ್ರ ಕೈ ಬಿಗಿ ಹಿಡಿ ಎಂದೆ. "ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿನಗೆ?" ಎಂದು ಗದರಿದಳು. ಈಗ ತಿಂಗಳು ತಿಂಗಳು ತಪ್ಪದೆ ಬರುತ್ತಾಳೆ, ಸಕ್ಕರೆಯೂ ಇಳಿದಿದೆ. ನಾನು ಒಳ್ಳೆಯ ಡಾಕ್ಟರಾಗುತ್ತೇನೆ ಅಮ್ಮ. ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ನಿನಗೆ ನಾನು ಡಾಕ್ಟರಾಗಲಾರೆ. ಸ್ವಂತದವರ ಮುಂದೆ ನಮ್ಮ ಕೈ ಒಂದೋ ಅವಸರ ಮಾಡುತ್ತದೆ, ಇಲ್ಲವೇ ಹಿಂಜರಿಯುತ್ತದೆ ಎಂದು ನಮ್ಮ ಡಾಕ್ಟರು ಹೇಳುತ್ತಾರೆ. ಇದು ಇಲ್ಲಿನ ಪದ್ಧತಿ, ಅಷ್ಟೇ. ಕೋಲಾರದ ಡಾ. ಶಾಮಲಮ್ಮನವರಿಗೆ ಎಲ್ಲ ತಿಳಿಸಿದ್ದೇನೆ. ಶನಿವಾರ ಬೆಳಿಗ್ಗೆ ನಿನ್ನನ್ನು ನೋಡುತ್ತಾರೆ. ನಾರಾಯಣನ ಜೊತೆ ಹೋಗು. ಬರಿಗಾಲಲ್ಲಿ ನಡೆಯಬೇಡ. ಗಾಯಕ್ಕೆ ಇನ್ನು ಅರಿಸಿನ ಮೆತ್ತಬೇಡ. ಅವರು ಕೇಳಿದ್ದಕ್ಕೆಲ್ಲ ನಿಜ ಹೇಳು. ಮಧ್ಯಾಹ್ನ ಯಾರೂ ನೋಡದಾಗ ಬೆಲ್ಲ ತಿನ್ನುವುದನ್ನೂ ಹೇಳು.

ನಿನ್ನ ಮಗಳು,
ಅನಂತಲಕ್ಷ್ಮಿ

ಮರೆತ ಮಾತು: ಪದ್ಧತಿ ಎಂದು ಬರೆದದ್ದು ಅರ್ಧ ನಿಜ. ಈ ಮೂರು ತಿಂಗಳ ಯೋಜನೆಯಲ್ಲಿ, ನನಗೆ ಬಾರದ್ದು ಎಂಬಲ್ಲಿ, "ನನ್ನ ಅಮ್ಮನ ಕಾಲನ್ನು ನೋಡುವ ಧೈರ್ಯ" ಎಂದು ಬರೆದುಕೊಟ್ಟೆ. ಡಾಕ್ಟರು ಓದಿ, ಒಂದಕ್ಷರವನ್ನೂ ತಿದ್ದದೆ ಎರಡು ದಿನ ರಜೆ ಕೊಟ್ಟರು. ನಾರಾಯಣ ಬೇಡ, ಶುಕ್ರವಾರ ಸಂಜೆಯ ಬಸ್ಸಿಗೆ ನಾನೇ ಬರುತ್ತೇನೆ. ಶಾಮಲಮ್ಮನವರು ಗಾಯ ನೋಡಲಿ. ನಾನು ನಿನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಿರುತ್ತೇನೆ.