ಸಾಕ್ಷಿ ಯಾರು ಎಂದು ಕೇಳಿದಾಗ

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಸೊಸೆಗೆ,

ಮಗಳೇ ಎಂದು ಬರೆಯಲು ಹೋಗಿ ಪೆನ್ನು ತಡೆದೆ. ಮಗಳ ಪರವಾಗಿ ಯಾವ ತಾಯಿಯಾದರೂ ನಿಲ್ಲುತ್ತಾಳೆ, ಅದರಲ್ಲೇನು ಹೆಚ್ಚುಗಾರಿಕೆ? ನೀನು ಸೊಸೆಯೇ ಆಗಿರು, ನಾನು ಅತ್ತೆಯೇ.

ನಿನ್ನ ಪತ್ರ ಬಂತು. ನಿನ್ನನ್ನು ಇಡೀ ಪಂಪ್‌ಹೌಸಿಗೆ ಮೇಲ್ವಿಚಾರಕಿ ಮಾಡಿದ್ದನ್ನು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀಯ, ಇವತ್ತು ಮೋಡ ಕವಿದಿದೆ ಎಂದು ಹೇಳಿದ ಹಾಗೆ. ನಾನು ಆ ಸಾಲನ್ನು ಪಕ್ಕದ ಶೆಡ್ಡಿನ ಬಡಗಿಗೆ, ಅವನ ಹೆಂಡತಿಗೆ, ಕೊನೆಗೆ ಗ್ಯಾಸ್ ತಂದವನಿಗೂ ಓದಿ ಹೇಳಿದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಈಗ ಯಾರ ಕಾಲ ನಡೀತಿದೆ ಎಂದು ಬಡಗಿ ಕೇಳಿದ. ಇಬ್ಬರದ್ದೂ ಎಂದೆ.

ಆವತ್ತು ಯಾಕೆ ಎದ್ದು ನಿಂತಿರಿ ಎಂದು ಕೇಳಿದ್ದೀಯ. ಇಷ್ಟು ದಿನ ಕೇಳದೆ ಇದ್ದದ್ದು ನಿನ್ನ ದೊಡ್ಡತನ. ನೀನು ಕಂಡದ್ದೇ ಆದರೂ, ನಾನು ಕಂಡ ಹಾಗೆ ಬರೆಯುತ್ತೇನೆ, ಓದು.

ನದಿ ಊರೊಳಗೆ ಬಂದುಹೋದ ಮೇಲೆ ನಮಗೆ ಶಾಲೆಯ ಒಂದು ಕೋಣೆಯ ಅರ್ಧ ಸಿಕ್ಕಿತ್ತು. ನಡುವೆ ಬೆಡ್‌ಶೀಟಿನ ಗೋಡೆ. ನನ್ನ ಮಗನ ಪ್ರಿಂಟಿಂಗ್ ಪ್ರೆಸ್ಸು ಕೆಸರಿನಲ್ಲಿ ಹೂತುಹೋಗಿತ್ತು. ನಿನಗೆ ಮಾತ್ರ ಕೈತುಂಬ ಕೆಲಸ. ಊರಿಗೆಲ್ಲ ಕುಡಿಯುವ ನೀರಿಲ್ಲ. ಮುಳುಗಿದ ಮೋಟಾರು ಬಿಚ್ಚಿ, ಒಣಗಿಸಿ, ಮತ್ತೆ ಕೂಡಿಸಬಲ್ಲವರು ಮೂವರು, ಅವರಲ್ಲಿ ನೀನೊಬ್ಬಳು. ಬೆಳಿಗ್ಗೆ ನೀನು ಮೊಣಕಾಲುದ್ದದ ಬೂಟು ಹಾಕಿಕೊಂಡು ಹೊರಟರೆ ಅವನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಹನ್ನೆರಡನೆಯ ದಿನ, ನೀನು ಬಂದು ಬೂಟು ಕಳಚುತ್ತಿರುವಾಗ, ಮೊದಲ ಏಟು ಬಿತ್ತು. ನಾನು ಎರಡು ಮಾರು ದೂರದಲ್ಲಿ ಬಟ್ಟೆ ಮಡಿಸುತ್ತಿದ್ದೆ. ಮಡಿಸುತ್ತಲೇ ಇದ್ದೆ.

ಬೆಡ್‌ಶೀಟಿನ ಆಚೆಯವರಿಗೂ ಕೇಳಿಸಿತ್ತು. ಪಾಪ, ಎಲ್ಲ ಕಳೆದುಕೊಂಡಿದ್ದಾನೆ, ತಲೆ ಕೆಡದೆ ಇರುತ್ತದೆಯೇ ಎಂದರು. ನಿನ್ನ ತವರುಮನೆಯೂ ಕೊಚ್ಚಿಹೋಗಿತ್ತು. ನೀನು ಯಾರ ಮೇಲೆ ಕೈ ಎತ್ತಿದೆ? ಆಗ ನನಗೆ ಹಾಗನ್ನಿಸಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಮನೆಯ ಮಾತು ಹೊಸ್ತಿಲು ದಾಟಬಾರದು ಎಂದು ನಿನಗೆ ಬುದ್ಧಿ ಬೇರೆ ಹೇಳಿದೆ. ಹೊಸ್ತಿಲೇ ಹೊಳೆಯ ಪಾಲಾಗಿದೆ ಎಂಬುದು ನನಗೆ ಹೊಳೆಯಲಿಲ್ಲ. ಕ್ಯಾಂಪಿನ ನರ್ಸು ನಿನ್ನ ಕಣ್ಣಿನ ಬಾವು ನೋಡಿ ವಿಚಾರಿಸಿದಾಗ, ನೀನು ಬಾಯಿ ತೆರೆಯುವ ಮೊದಲೇ, ನಲ್ಲಿ ಹತ್ತಿರ ಪಾಚಿ, ಜಾರಿಬಿದ್ದಳು ಎಂದವಳು ನಾನು. ನೀನು ಸುಮ್ಮನೆ ನನ್ನನ್ನು ನೋಡಿದೆ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಆಮೇಲೆ ಆ ಸೋಮವಾರ, ಊರಿಗೆ ಮೊದಲ ಸಲ ನೀರು ಬಿಡುವ ದಿನ. ಹೋಗಕೂಡದು ಎಂದು ಅವನು ನಿನ್ನ ಎಡಗೈ ತಿರುಚಿದ. ಲಟಕ್ಕೆಂದದ್ದು ನನಗೂ ಕೇಳಿಸಿತು. ನೀನು ಕೈಗೆ ಟವೆಲು ಸುತ್ತಿಕೊಂಡು ಹೋದೆ. ಹತ್ತು ಗಂಟೆಗೆ ಶಾಲೆಯ ಅಂಗಳದ ನಲ್ಲಿ ಕೆಮ್ಮಿತು, ಕಂದು ನೀರು ಕಕ್ಕಿತು, ಆಮೇಲೆ ತಿಳಿಯಾಯಿತು. ಜನ ಬಿಂದಿಗೆ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ನೀನು ವಾಪಸು ಬಂದವಳೇ ನೇರ ನರ್ಸಿನ ಮೇಜಿನ ಮುಂದೆ ನಿಂತೆ. ಹಿಂದೆ ಔಷಧಿಗೆ ಬಂದವರ ಉದ್ದ ಸಾಲು. ನೀನು ಆಡಿದ್ದು ಒಂದಕ್ಷರ ಬಿಡದೆ ನೆನಪಿದೆ.

"ಜಾರಿ ಬಿದ್ದಿಲ್ಲ. ನನ್ನ ಗಂಡ ಮುರಿದದ್ದು. ಹಾಗೇ ಬರ್ಕೊಳ್ಳಿ."

ನರ್ಸು ಪೆನ್ನು ಎತ್ತಿಕೊಂಡು, ಸಾಕ್ಷಿ ಯಾರಾದರೂ ಇದ್ದಾರಾ ಎಂದಳು. ಸಾಲಿಗೆ ಸಾಲೇ ನೆಲ ನೋಡಿತು. ಅವನು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಅಮ್ಮ ಬಿಟ್ಟುಕೊಡುವುದಿಲ್ಲ ಎಂಬ ಧೈರ್ಯ ಅವನ ಮುಖದಲ್ಲಿತ್ತು. ಆ ಧೈರ್ಯ ಕಂಡೇ ನಾನು ಎದ್ದದ್ದು. ಅದನ್ನು ಅವನಿಗೆ ಕೊಟ್ಟವಳು ನಾನಲ್ಲದೆ ಇನ್ಯಾರು?

"ನಾನು ನೋಡಿದೀನಿ. ಮೊದಲು ಸುಳ್ಳು ಹೇಳಿದ್ದೂ ನಾನೇ. ನಾನು ಅವನ ತಾಯಿ."

ಆದರೆ ಒಂದು ಮಾತು ತಿಳಿದಿರಲಿ. ನೀನು ಮೊದಲು ಬಾಯಿ ಬಿಟ್ಟಿದ್ದಕ್ಕೆ ನನಗೆ ಎದ್ದೇಳಲು ಆಯಿತು. ಎಲ್ಲರೂ ನನ್ನನ್ನು ಹೊಗಳುತ್ತಾರೆ. ಹೊಗಳಿಕೆಯ ಮುಕ್ಕಾಲು ಪಾಲು ನಿನಗೆ ಸೇರಬೇಕು.

ಮೊನ್ನೆ ಅವನು ಸೋದರಮಾವನ ಮನೆಯಿಂದ ಬಂದಿದ್ದ. ಪೊಲೀಸರಿಗೆ ಕೊಟ್ಟ ಹೇಳಿಕೆ ಹಿಂದಕ್ಕೆ ತಗೋ ಎಂದ. ಊಟ ಬಡಿಸಿದೆ. ಹೊಟ್ಟೆಗೆ ಹಾಕುವುದು ಬೇರೆ, ಹೊಟ್ಟೆಗೆ ಹಾಕಿಕೊಳ್ಳುವುದು ಬೇರೆ ಎಂದೆ. ಉಂಡು, ತಟ್ಟೆ ತೊಳೆದಿಟ್ಟು ಹೋದ. ತಟ್ಟೆ ತೊಳೆದದ್ದು ಜನ್ಮದಲ್ಲಿ ಮೊದಲ ಸಲ. ಅದರಿಂದ ನೀನೇನೂ ಆಸೆ ಇಟ್ಟುಕೊಳ್ಳಬೇಡ, ನಾನೂ ಇಟ್ಟುಕೊಂಡಿಲ್ಲ.

ನಿನ್ನ ಕ್ವಾರ್ಟರ್ಸಿಗೆ ಕರೆದಿದ್ದೀಯ. ಬರುತ್ತೇನೆ, ಅತ್ತೆಯ ಗತ್ತಿನಲ್ಲೇ ಬರುತ್ತೇನೆ. ನಿನ್ನ ಕೈಕೆಳಗೆ ಕೆಲಸ ಕಲಿಯುವ ಹುಡುಗಿಯರ ಮುಂದೆ ನನ್ನನ್ನು ನಿಲ್ಲಿಸಿ, ಇವರು ನನ್ನ ಅತ್ತೆ ಎನ್ನಬೇಕು.

ನಿನ್ನ ಹೆಸರು ಹೇಳಿಕೊಂಡು ಬೀಗುವ,
ನಿನ್ನ ಅತ್ತೆ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದ್ದು: ನಿನ್ನ ಮಾವ ಬಂಗಾರದಂಥ ಮನುಷ್ಯ ಎಂದು ನಿನಗೆ ಹೇಳುತ್ತ ಬಂದೆ. ಮೂವತ್ತೆರಡು ವರ್ಷದ ಹಿಂದಿನ ಬಿರುಗಾಳಿಗೆ ಅವರ ಅಂಗಡಿ ನೆಲಸಮವಾಯಿತು. ಹೊಸ ಅಂಗಡಿ ಏಳುವ ತನಕ, ಹನ್ನೊಂದು ತಿಂಗಳು, ಅವರು ನನ್ನನ್ನು ಹೊಡೆದರು. ನಿನ್ನ ಗಂಡನಿಗೆ ಆಗ ಐದು ವರ್ಷ, ಎಲ್ಲ ನೋಡುತ್ತಿದ್ದ. ಅಪ್ಪನಿಗೆ ಕಷ್ಟ ಮಗಾ, ಅದಕ್ಕೇ ಹೊಡೀತಾರೆ ಎಂದು ಕಲಿಸಿಕೊಟ್ಟವಳು ನಾನು. ಮುಂದಿನ ಗುರುವಾರ ಕೋರ್ಟಿನಲ್ಲಿ ಇದನ್ನೂ ಹೇಳುತ್ತೇನೆ, ಅವನ ಎದುರಿಗೇ. ಅದಕ್ಕೆ ಮೊದಲು ನಿನಗೆ ಗೊತ್ತಿರಲಿ ಎನಿಸಿತು.