ಎಡಕ್ಕೆ ಅಂದರು, ಬಲಕ್ಕೆ ಹೋದೆವು

ಸೆಪ್ಟೆಂಬರ್ ೧೪, ಶನಿವಾರ

ಬೆಳಿಗ್ಗೆ ಒಂಬತ್ತಕ್ಕೇ ಅಟ್ಟಣಿಗೆ ಹತ್ತಿ ಕೂತೆ. ಟೋಪಿ, ಫ್ಲಾಸ್ಕು, ಕೈಮೈಕು. ಏಣಿ ಹತ್ತುವಾಗ ಮಂಡಿ ಕಟಕ್ ಎಂದಿತು. ಎನ್ನಲಿ. ಅದಕ್ಕೂ ಮಾತಾಡಲು ಯಾರಾದರೂ ಬೇಕಲ್ಲ.

ಪಾರ್ಕಿನಲ್ಲಿ ಇವತ್ತಿನಿಂದ ಹೊಸ ಸೀಸನ್. ಎಲೆ ಬಣ್ಣ ತಿರುಗುವಾಗ ಎಲೆ ನಡಿಗೆ, ಚಳಿ ಬಿದ್ದ ಮೇಲೆ ದೀಪದ ಸಂಜೆ, ಆಮೇಲೆ ಹಕ್ಕಿ ಕೂಗುವ ಬೆಳಗು. ನಡುನಡುವೆ ಹಳೆಯ ಬಂಗಲೆಯ ಇತಿಹಾಸ. ಎಲ್ಲಕ್ಕೂ ಪಾರ್ಕ್ ಮೇಡಂ ಒಬ್ಬರೇ ಯಜಮಾನಿ. ನಾನು ಸಂಬಳವಿಲ್ಲದ ವಾಲಂಟಿಯರ್. ಇದು ಮೂರನೇ ವರ್ಷ. ನನ್ನ ಪಾಲಿಗೆ ಯಾವಾಗಲೂ ಚಕ್ರವ್ಯೂಹವೇ — ಬಂಗಲೆಯ ಯಜಮಾನ ಹಿಂದೆ ಅತಿಥಿಗಳ ಮಧ್ಯಾಹ್ನ ಕಳೆಯಲೆಂದು ಬೆಳೆಸಿದ್ದು. ಆಳೆತ್ತರ ಮೀರಿದ ಹಸಿರು ಬೇಲಿ, ಅದರೊಳಗೆ ಸುತ್ತಿ ಸುತ್ತಿ ಎಲ್ಲೋ ನಿಂತುಬಿಡುವ ಓಣಿಗಳು. ಒಳಗೆ ಹೋದವರು ದಾರಿ ತಪ್ಪಬೇಕು, ಅದೇ ಆಟ. ಸಾಕಾದವರು ಬಾಗಿಲಲ್ಲಿ ಕೊಟ್ಟ ಕೆಂಪು ಬಾವುಟ ಎತ್ತಬೇಕು. ಆಗ ಮೇಲಿನಿಂದ ನಾನು ದಾರಿ ಹೇಳಬೇಕು. ಬಾವುಟ ಎತ್ತದಿದ್ದರೆ ತುಟಿ ಪಿಟಕ್ ಅನ್ನುವಂತಿಲ್ಲ.

“ದಾರಿ ತಪ್ಪೋಕೇ ಬಂದಿರ್ತಾರೆ ಸರ್, ಆ ಸುಖ ಕಿತ್ಕೋಬೇಡಿ” — ಮೇಡಂ.

ಶುರುವಿನಲ್ಲಿ ಇಂಗ್ಲಿಷ್ ಭಾಷಣ. “ದಿಸ್ ಮೇಜ್ ಈಸ್ ವೆರಿ ಓಲ್ಡ್. ನೆವರ್‌ದಿಲೆಸ್...” ಅಲ್ಲಿಗೆ ನಿಂತಿತು. ಮುಂದೇನು? ಹೊಳೆಯಲಿಲ್ಲ. “ನೆವರ್‌ದಿಲೆಸ್, ಇಟ್ ಈಸ್ ಗ್ರೀನ್” ಎಂದು ಮುಗಿಸಿದೆ. ಜನ ಚಪ್ಪಾಳೆ ತಟ್ಟಿದರು.

ಕಾಲೇಜಿನಲ್ಲಿ ನೆವರ್‌ದಿಲೆಸ್ ಹಾಕಿದರೆ ಒಂದು ಮಾರ್ಕು ಜಾಸ್ತಿ ಎಂದು ಹೇಳಿಕೊಟ್ಟವನು ಭಾವ. ಒಂದೇ ಬೆಂಚು. ಅವನ ತಂಗಿಯನ್ನೇ ಮದುವೆಯಾದೆ. ನಾನು ಅವನಿಗೆ ಭಾವ, ಅವನು ನನಗೆ ಭಾವ. ಇರಲಿ, ಆ ಸುದ್ದಿ ಬೇಡ.

ಮಧ್ಯಾಹ್ನ ಒಂದು ಎಡವಟ್ಟು. ಬಾವುಟ ಎತ್ತಿದ ಟೀಚರಮ್ಮನಿಗೆ “ಎಡಕ್ಕೆ” ಎಂದೆ. ಅವರು ನನ್ನತ್ತ ಮುಖ ಮಾಡಿ ನಿಂತಿದ್ದರು. ನಾನು ಹೇಳಿದ್ದು ನನ್ನ ಎಡ. ಇಡೀ ಕ್ಲಾಸು ಸಾಲಾಗಿ ಹೋಗಿ ಮಾಲಿ ಕತ್ತರಿಸಿ ಹಾಕಿದ್ದ ಸೊಪ್ಪಿನ ರಾಶಿಗೆ ನುಗ್ಗಿತು. ಮಕ್ಕಳಿಗೆ ಸ್ವರ್ಗ. ಮಾಲಿ ಕತ್ತರಿ ಹಿಡಿದುಕೊಂಡೇ ಕೂಗಿದ, “ಸಾರ್, ನಿಮ್ಮ ಎಡ ನಿಮ್ಮ ಹತ್ರಾನೇ ಇಟ್ಕೊಳ್ಳಿ! ಅವರ ಎಡ ಅವರಿಗೆ ಕೊಡಿ!”

ಒಳ್ಳೆಯ ದಿನ.

ಅಕ್ಟೋಬರ್ ೫, ಶನಿವಾರ

ಎಲೆ ನಡಿಗೆ. ನೂರಾರು ಜನ. ಮೇಲಿನಿಂದ ನೋಡಿದರೆ ಇಡೀ ಪಾರ್ಕು ಹೊಸ ತಾಮ್ರದ ಪಾತ್ರೆಯಂತೆ ಕಾಣುತ್ತದೆ. ಚಕ್ರವ್ಯೂಹವೊಂದೇ ಹಸಿರು — ಮೊಂಡ.

ಸಂಜೆ ಮಗಳ ಫೋನು.

“ಅಪ್ಪಾ, ಮಾವನಿಗೆ ಫೋನ್ ಮಾಡಿದ್ಯಾ?”

“ಅವನಿಗೆ ಕೈ ಇಲ್ವಾ?”

“ಅವರೂ ಇದನ್ನೇ ಅಂದ್ರು. ಇದೇ ಮಾತು, ಇದೇ ರಾಗ. ಒಂದು ಕೇರಂ ಕಾಯಿಗೆ ಒಂದೂವರೆ ವರ್ಷ! ಚಿಕ್ಕ ಮಕ್ಕಳೂ ಟೂ ಬಿಟ್ರೆ ಸಂಜೆಗೆ ಸರಿ ಹೋಗ್ತಾರೆ.”

ಬರೀ ಕಾಯಿಯಲ್ಲ, ರೆಡ್ಡು. ಮದುವೆಯಾದಾಗಿನಿಂದ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಆಟ. ಏನೇ ತಕರಾರು ಬರಲಿ, ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು — “ಅಣ್ಣಂದು ತಪ್ಪು”, ಇಲ್ಲವೇ “ಇವರದ್ದು ತಪ್ಪು”. ಬೋರ್ಡಿನ ಕಡೆ ನೋಡುತ್ತಲೂ ಇರಲಿಲ್ಲ. ನಾವು ತೆಪ್ಪಗೆ ಒಪ್ಪುತ್ತಿದ್ದೆವು. ಇವಳು ಹೋದ ಮೇಲೆ ಮೊದಲ ಸಲ ಆಡಲು ಕೂತೆವು. ಅವನ ರೆಡ್ಡು ಬಿತ್ತು. ಅದರ ಬೆನ್ನಿಗೇ ಬೀಳಬೇಕಾದ ಕವರ್ ಕಾಯಿ ಬೀಳಲಿಲ್ಲ. ಬಿತ್ತು ಎಂದ. ಇಲ್ಲ ಎಂದೆ. ಇಬ್ಬರೂ ಅಡುಗೆಮನೆ ಕಡೆ ತಿರುಗಿದೆವು. ಯಾರೂ ಕೂಗಲಿಲ್ಲ. ಅವನು ಎದ್ದು ಹೋದ.

ಅವನಿಲ್ಲದ ಭಾನುವಾರ ಎಷ್ಟು ಉದ್ದ ಎಂದು ಮಗಳಿಗೆ ಹೇಳಲಿಲ್ಲ. ಬರಲಿ ಎಂದು ಆಸೆ. ನಾನೇ ಕರೆಯಬೇಕು ಅಂತ ಫೋನು ಎತ್ತುತ್ತೇನೆ, ಮತ್ತೆ ಇಡುತ್ತೇನೆ. ಕೊನೆಗೆ ಇಬ್ಬರಲ್ಲಿ ಒಬ್ಬರು ಮಾತಾಡದೆಯೇ ಹೋಗಿಬಿಟ್ಟರೆ — ಛೆ. ಬೇಡ. ಎಲೆ ಚೆನ್ನಾಗಿತ್ತು ಇವತ್ತು.

ನವೆಂಬರ್ ೨೩, ಶನಿವಾರ

ಬರೆಯಲು ಆಗುತ್ತಿಲ್ಲ. ಕೈತುಂಬಾ ಗೀರು. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿದೆ. ನಾಳೆ.

ನವೆಂಬರ್ ೨೪, ಭಾನುವಾರ, ಬೆಳಿಗ್ಗೆ

ನಿನ್ನೆ ದೀಪದ ಸಂಜೆ. ಓಣಿ ಓಣಿಗೂ ಲಾಂದ್ರ ಇಟ್ಟಿದ್ದರು. ಐದಕ್ಕೆ ಜನರನ್ನು ಒಳಗೆ ಬಿಟ್ಟರು. ಗುಂಪಿನಲ್ಲಿ ಅತ್ತಿಗೆ! ಭಾವನ ಹೆಂಡತಿ. ನನ್ನತ್ತ ಕೈ ಬೀಸಿದರು. ಅವರ ಹಿಂದೆ ಕೈ ಕಟ್ಟಿಕೊಂಡು, ಬಾವುಟವನ್ನು ಕೊಡೆಯಂತೆ ಕಂಕುಳಲ್ಲಿ ಸಿಕ್ಕಿಸಿಕೊಂಡು — ಅವನು. ನಾನು ಇಲ್ಲಿರುತ್ತೇನೆಂದು ಅತ್ತಿಗೆ ಅವನಿಗೆ ಹೇಳಿರಲಿಲ್ಲವೆಂದು ಕಾಣುತ್ತದೆ. ತಲೆಯೆತ್ತಿ ನೋಡಿದ. ತಕ್ಷಣ ಬೇಲಿಯ ಕಡೆ ತಿರುಗಿದ, ಅದರಲ್ಲಿ ಪೇಪರ್ ಓದುವವನ ಹಾಗೆ.

ಅತ್ತಿಗೆ ಎರಡು ಸಲ ಬಾವುಟ ಎತ್ತಿ, ಹೇಳಿದ ಕಡೆ ತಿರುಗಿ, ಹೊರಗೆ ಬಂದು ಟೀ ತೆಗೆದುಕೊಂಡರು. ಒಬ್ಬೊಬ್ಬರೇ ಎಲ್ಲರೂ ಬಂದರು. ಒಳಗೆ ಉಳಿದವನು ಅವನೊಬ್ಬ. ಹೋದ ಕುರುಡು ಓಣಿಗೇ ಮತ್ತೆ ಹೋಗುತ್ತಾನೆ. ಕೊನೆಯಲ್ಲಿ ಬೇಲಿಯನ್ನು ದುರುಗುಟ್ಟಿಕೊಂಡು ನೋಡುತ್ತಾನೆ, ತಪ್ಪು ಬೇಲಿಯದು ಎಂಬಂತೆ. ವಾಪಸ್ಸು ಬರುತ್ತಾನೆ. ಬಾವುಟ ಮಾತ್ರ ಕಂಕುಳು ಬಿಡಲೊಲ್ಲದು. ಬಲಕ್ಕೆ ತಿರುಗೋ ಮುಂಡೇದೇ, ಬಲಕ್ಕೆ — ಮನಸ್ಸಿನಲ್ಲೇ ಕೂಗಿದೆ.

ಮುಚ್ಚುವ ಹೊತ್ತಾಯಿತು. ಮೇಡಂ ಬಂದರು.

“ಸರ್, ಅವರನ್ನ ಕರೀರಿ.”

“ಬಾವುಟ ಎತ್ತಿಲ್ಲ ಮೇಡಂ.”

“ಎತ್ತಲ್ಲ ಅವರು,” ಅತ್ತಿಗೆ ಕೆಳಗಿನಿಂದ. “ಮನೇಲೂ ಅಷ್ಟೇ. ಉಪ್ಪು ಬೇಕು ಅಂತ ಬಾಯಿಬಿಟ್ಟು ಕೇಳಲ್ಲ. ಮುಖ ನೋಡಿ ನಾವೇ ತಿಳ್ಕೋಬೇಕು.”

“ಸರಿ. ನಾನೇ ಹೋಗಿ ಕರ್ಕೊಂಡು ಬರ್ತೀನಿ” ಎಂದೆ. ಎಂದುಬಿಟ್ಟೆ! ಮೈಕು ಅಲ್ಲೇ ಇಟ್ಟು ಇಳಿದೆ.

ಮೂರು ವರ್ಷದಿಂದ ನೋಡುತ್ತಿದ್ದೇನೆ, ಅಂಗೈ ಗೆರೆಯಷ್ಟು ಪರಿಚಯ. ಜಂಬದಿಂದ ಒಳಗೆ ಹೋದೆ. ಮೊದಲ ತಿರುವು, ಎರಡನೆಯದು... ಆಮೇಲೆ ಬರೀ ಹಸಿರು ಗೋಡೆ. ಎಲ್ಲಿ ನೋಡಿದರೂ ಒಂದೇ ಲಾಂದ್ರ, ಒಂದೇ ಮೂಲೆ. ಆಗ ಹೊಳೆಯಿತು: ಇಷ್ಟು ವರ್ಷದಲ್ಲಿ ಒಮ್ಮೆಯೂ ಒಳಗೆ ಕಾಲಿಟ್ಟಿಲ್ಲ. ನೋಡಿದ್ದೆಲ್ಲ ಮೇಲಿನಿಂದ.

ಬೇಲಿಯ ಆಚೆಯಿಂದ ಕೆಮ್ಮು. ಆ ಕೆಮ್ಮು ನನಗೆ ಗೊತ್ತಿಲ್ಲವೇ.

“ಯಾರದು?”

“ನಾನು.”

ಆಚೆ ಕಾಲಸಪ್ಪಳ ನಿಂತಿತು.

“ದಾರಿ ತೋರಿಸೋಕೆ ಬಂದ್ಯಾ?”

“ಹೂಂ.”

“ತೋರ್ಸು ಮತ್ತೆ.”

“...ಗೊತ್ತಿಲ್ಲ.”

“ಏನು ಗೊತ್ತಿಲ್ಲ?”

“ದಾರಿ. ಮೇಲಿಂದ ಗೊತ್ತು. ಕೆಳಗಿಂದ ಬೇರೆ ಥರ ಇದೆ.”

ಆಚೆಯಿಂದ ಬಹಳ ಗಂಭೀರ ದನಿಯಲ್ಲಿ, “ನೆವರ್‌ದಿಲೆಸ್...”

ಅಷ್ಟೇ. ನನಗೆ ನಗು ತಡೆಯಲಾಗಲಿಲ್ಲ. ಅವನಿಗೂ. ಬೇಲಿಯ ಆಚೆ ಅವನು, ಈಚೆ ನಾನು, ಹೊಟ್ಟೆ ಹಿಡಿದುಕೊಂಡು. ಬೇಲಿಗೆ ಒರಗಲು ಹೋಗಿ ನಾನು ಅರ್ಧ ಒಳಗೇ ಹೋದೆ. ಗೀರಿದ್ದು ಆಗಲೇ.

ಬೇಲಿ ನಡುವೆ ಇಟ್ಟುಕೊಂಡೇ ನಡೆದೆವು. ಮುಖ ಕಾಣುತ್ತಿರಲಿಲ್ಲ. ಒಳ್ಳೆಯದೇ ಆಯಿತು.

“ನಿಮ್ಮ ಬೀದಿಗೆ ಬಂದಿದ್ದೆ,” ಎಂದ. “ಭಾನುವಾರಗಳಲ್ಲಿ. ಗೇಟಿನವರೆಗೂ ಬಂದು ವಾಪಸ್ ಹೋಗಿದ್ದೀನಿ.”

“ಬೆಲ್ ಮಾಡಬಾರದಿತ್ತಾ?”

“ಮಾಡಿದ್ರೆ ನೀನು ಬಾಗಿಲು ತೆಗೀತಿದ್ದೆ.”

“ತೆಗೀತಿದ್ದೆ, ಇನ್ನೇನು? ಅಷ್ಟು ಕೆಟ್ಟವನಾ ನಾನು?”

“ಅದಲ್ವೋ. ಆ ಮನೇಲಿ ಬಾಗಿಲು ತೆಗೀತಿದ್ದದ್ದು ಅವಳು. ನೀನು ಕೂತಲ್ಲಿಂದ ಏಳ್ತಾನೇ ಇರ್ಲಿಲ್ಲ. ನೀನೇ ಬಂದು ತೆಗೆದ್ರೆ... ಅವಳು ಇಲ್ಲ ಅಂತ ಆಗಿಬಿಡುತ್ತಲ್ಲೋ.”

ಬೇಲಿ ಸಂದಿಯಲ್ಲಿ ಕೈ ತೂರಿಸಿದೆ. ಅದನ್ನು ಅವನು ಹಿಡಿದುಕೊಂಡ. ಹಾಗೇ ನಡೆಯಲು ಆಗುವುದಿಲ್ಲವಲ್ಲ, ಬಿಡಿಸಿಕೊಂಡೆವು. ಇನ್ನೊಂದು ತಿರುವು. ಎದುರಿಗೇ ಬಂದುಬಿಟ್ಟ. ತೆಳ್ಳಗಾಗಿದ್ದಾನೆ. ಮೂಗು ಮಾತ್ರ ಹಾಗೇ ಇದೆ.

“ಕವರ್ ಬಿದ್ದಿತ್ತು,” ಎಂದ.

“ಬಿದ್ದಿರಲಿಲ್ಲ.”

“ಬಿದ್ದಿತ್ತು.”

“ಅತ್ತಿಗೇನ ಕೇಳೋಣ?”

“ಅವಳು ಆ ದಿನ ಇರಲೇ ಇಲ್ಲ!”

“ನನ್ನ ಹೆಂಡತಿ ಮಾತ್ರ ನೋಡಿ ಹೇಳ್ತಿದ್ದಳಾ?”

ಮತ್ತೆ ನಗು. ಅಷ್ಟರಲ್ಲಿ ತಲೆಯ ಮೇಲೆ ಆಕಾಶವಾಣಿ — ಅತ್ತಿಗೆ ಅಟ್ಟಣಿಗೆ ಹತ್ತಿದ್ದಾರೆ, ಕೈಯಲ್ಲಿ ನನ್ನ ಮೈಕು.

“ಇಬ್ಬರೂ ಅಲ್ಲೇ ನಿಲ್ಲಿ! ಈಗ ಎಡಕ್ಕೆ ತಿರುಗಿ! ನಿಮ್ಮ ಎಡಕ್ಕೆ!”

ಭಾವ ನನ್ನ ಮುಖ ನೋಡಿದ.

“ಏನಂದ್ಲು?”

“ಎಡಕ್ಕೆ.”

“ಹಾಗಾದ್ರೆ ಬಲಕ್ಕೆ ಹೋಗೋಣ ಬಾ.”

ಹೋದೆವು. ಅವರು ನೇರ ಅಂದರೆ ಹಿಂದಕ್ಕೆ, ಹಿಂದಕ್ಕೆ ಅಂದರೆ ಎಡಕ್ಕೆ. ನಡುವಿನ ಕಲ್ಲುಬೆಂಚು ಸಿಕ್ಕಿತು, ಕೂತೆವು. ಒಂದೂವರೆ ವರ್ಷದ ಮಾತು ಬಾಕಿ ಇತ್ತು — ಅವನ ಕಣ್ಣಿನ ಆಪರೇಷನ್, ನನ್ನ ಮಂಡಿ, ಮಗಳು ಇಬ್ಬರಿಗೂ ಒಂದೇ ದಿನ ಫೋನು ಮಾಡಿ ಬೈಯುವುದು. ಮೇಲಿನಿಂದ ಅತ್ತಿಗೆಯ ಬೈಗುಳ ಮೈಕಿನಲ್ಲಿ ಇಡೀ ಪಾರ್ಕಿಗೆ ಕೇಳಿಸುತ್ತಿತ್ತು. ಮಾಲಿ ಬಂದು, “ಸಾರ್, ನಂಗೂ ಮನೆ ಇದೆ” ಎಂದು ಇಬ್ಬರನ್ನೂ ಎಬ್ಬಿಸಿ ಕರೆದುಕೊಂಡು ಹೋದ.

ಮೇಡಂ ಕೋಪ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಕೊನೆಯ ಲಾಂದ್ರ ಆರಿಸುತ್ತ, “ಮುಂದಿನ ಸಲ ಇದನ್ನೇ ಪ್ರೋಗ್ರಾಂ ಮಾಡಿಬಿಡೋಣ” ಎಂದರು.

ಮಾರ್ಚ್ ೨, ಭಾನುವಾರ, ಇನ್ನೂ ಕತ್ತಲು

ಎಷ್ಟು ದಿನ ಆಯಿತು ಬರೆದು! ಹೇಳಬೇಕಾದ್ದೆಲ್ಲ ಅವನಿಗೆ ಹೇಳಿ ಮುಗಿದಿರುತ್ತದೆ. ಇಲ್ಲಿಗೆ ಏನೂ ಉಳಿಯುವುದಿಲ್ಲ.

ಭಾವನೂ ವಾಲಂಟಿಯರ್ ಈಗ. ಇವತ್ತು ಹಕ್ಕಿ ಕೂಗುವ ಬೆಳಗು. ಹೋದ ವಾರ ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿದ್ದರು. ನಮ್ಮ ಮಾತಿಗೆ ಒಂದೂ ಹಕ್ಕಿ ಉಳಿಯಲಿಲ್ಲ. ಇವತ್ತು ಮೇಡಂ ಬೇರೆ ಬೇರೆ ದಾರಿಗೆ ಹಾಕಿದ್ದಾರೆ. ಭಾವ ನಿನ್ನೆ ಇಡೀ ದಿನ ಅದಕ್ಕೆ ಕೊರಗಿದ. ಎರಡು ದಾರಿಯೂ ಕೆರೆಯ ಹತ್ತಿರ ಸೇರುತ್ತವಂತೆ, ಮಾಲಿಯನ್ನು ಕೇಳಿಕೊಂಡು ಬಂದಿದ್ದಾನೆ.

ರಾತ್ರಿ ಇಲ್ಲೇ ಮಲಗಿದ್ದ. ಈಗ ಅಡುಗೆಮನೆಯಲ್ಲಿ ಪಾತ್ರೆ ಬೀಳಿಸುತ್ತಿದ್ದಾನೆ. ಸಕ್ಕರೆ ಡಬ್ಬ ಎಲ್ಲಿ ಎಂದು ಕೇಳುವುದಿಲ್ಲ ಮಹಾರಾಯ. ಒಂದೊಂದೇ ಡಬ್ಬ ತೆಗೆದು ನೋಡುತ್ತಾನೆ. ನಾನೂ ಹೇಳುವುದಿಲ್ಲ. ಹುಡುಕಲಿ. ಆ ಸದ್ದು ಚೆನ್ನಾಗಿದೆ.

ನಿಂತಿತು. ಬಂದ.

“ಏನೋ ಅದು, ಈ ಹೊತ್ತಲ್ಲಿ? ಹಕ್ಕಿ ನಿನಗೋಸ್ಕರ ಕಾಯುತ್ತಾ?”

ಹೆಗಲ ಮೇಲೆ ಬಗ್ಗಿ ಓದುತ್ತಿದ್ದಾನೆ. ಹೋಗೋ. ಇದು ನನ್ನ ಪ್ರೈವೇ