ದಾರ ಕಂಡವನು ಗೆದ್ದ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11

ತಪ್ಪೊಪ್ಪಿಗೆ. ಐವತ್ತೆಂಟು ವರ್ಷದ, ಕಾಲೇಜಿನಲ್ಲಿ ನೀತಿಶಾಸ್ತ್ರ ಬೋಧಿಸುವ, ಪರೀಕ್ಷಾ ಹಾಲಿನ ಪೆನ್ಸಿಲ್ಲನ್ನೂ ಎಂದೂ ಜೇಬಿಗಿಳಿಸದ ನಾನು, ಇಂದು ಹತ್ತೂಕಾಲಿಗೆ, ಪೂರ್ಣ ಪ್ರಜ್ಞೆಯಿಂದ, ಆಸ್ಪತ್ರೆಯ ಟಿವಿ ರಿಮೋಟ್ ಕದ್ದಿದ್ದೇನೆ. ಸಿಸ್ಟರ್ ಮೇಜಿನ ಡ್ರಾಯರಿನಿಂದ. ಅವರು ಯಾರದೋ ಬಿಪಿ ನೋಡಲು ಹೋಗಿದ್ದರು. ಆ ಹೊತ್ತಿನ ನನ್ನ ಬಿಪಿ ಯಾರೂ ನೋಡಲಿಲ್ಲ.

ಉದ್ದೇಶ — ಮಲಗಿರುವ ಅಣ್ಣನಿಗೆ ಹಳೇ ಬಾಹ್ಯಾಕಾಶ ಸಿನಿಮಾ ತೋರಿಸುವುದು. ಪೆನ್‌ಡ್ರೈವಿನಲ್ಲಿ ಹನ್ನೊಂದಿವೆ. ಎಲ್ಲವೂ ಕಪ್ಪುಬಿಳುಪು, ಎಲ್ಲವೂ ಕಾಸಿಲ್ಲದವರು ತೆಗೆದದ್ದು. ಉಲ್ಕೆ ಅಂದರೆ ಆಲೂಗಡ್ಡೆ. ಹೆಲ್ಮೆಟ್ ಅಂದರೆ ಮೀನು ಸಾಕುವ ಗಾಜಿನ ಬುರುಡೆ, ಕಥೆಯೂ ಬುರುಡೆಯೇ. ರಾಕೆಟ್ಟನ್ನು ದಾರ ಕಟ್ಟಿ ಮೇಲಿನಿಂದ ಇಳಿಬಿಟ್ಟಿರುತ್ತಾರೆ. ದಾರಿ ತಪ್ಪಿದರೂ ದಾರ ತಪ್ಪದು. ಇಂಥವನ್ನೇ ಹುಡುಕಿ ನೋಡುವುದು ನಮ್ಮಿಬ್ಬರ ಗ್ರಹಚಾರ.

ಆಟದ ನಿಯಮ ಹುಡುಗರಾಗಿದ್ದಾಗಿನದು. ದಾರ ಮೊದಲು ಕಂಡವನು "ದಾರ" ಅನ್ನಬೇಕು. ಅಂದವನು ಗೆದ್ದ. ಅಣ್ಣ ದರ್ಜಿ. ಅಪ್ಪ ಹೋದ ಮೇಲೆ ಹದಿನಾಲ್ಕಕ್ಕೇ ಹೊಲಿಗೆ ಮಿಷನ್ನಿಗೆ ಕೂತ. ನನ್ನನ್ನು ಕಾಲೇಜಿಗೆ ಅಟ್ಟಿದ. ಐವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕಣ್ಣು. ಆದರೂ ಒಂದು ಸಲವೂ ನನ್ನನ್ನು ಸೋಲಿಸಿಲ್ಲ. ದರ್ಜಿಯನ್ನು ದಾರದಲ್ಲೇ ಸೋಲಿಸಿದವನು — ನನ್ನ ಎರಡು ಎಂ.ಎ.ಗಳಿಗಿಂತ ದೊಡ್ಡ ಪದವಿ.

ಇವತ್ತು 4–0.

ಮಾರ್ಚ್ 6, ಗುರುವಾರ

ಸಿಕ್ಕಿಬಿದ್ದೆ. ರಿಮೋಟ್ ಸತ್ತಿತ್ತು. ಅಂಗೈಗೆ ಬಡಿಯುತ್ತಿದ್ದಾಗ ಸಿಸ್ಟರ್ ಬಾಗಿಲಲ್ಲಿ.

"ಕದಿಯೋರು ಸೆಲ್ ನೋಡಿ ಕದೀಬೇಕು ಸರ್."

ಎರಡು ಹೊಸ ಸೆಲ್ ಇಟ್ಟು ಹೋದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಷ್ಟು ಸಲಿಗೆ ಕೊಡುತ್ತಾರೆಂದರೆ ರಿಪೋರ್ಟಿನಲ್ಲಿ ಏನಿದೆಯೋ...

ಅತ್ತಿಗೆ ಬಂದರು. "ತಲೆ ನರೆತ ಇಬ್ರು ಗಂಡಸರು ಆಲೂಗಡ್ಡೆ ನೋಡ್ತಾ ಕೂತಿದೀರಲ್ಲ. ಒಂದು ಒಳ್ಳೆ ಸಿನಿಮಾ ಸಿಗ್ಲಿಲ್ವಾ?"

ಅಣ್ಣ ಉಸಿರು ಕೂಡಿಸಿಕೊಂಡ. "ಒಳ್ಳೇದ್ರಲ್ಲಿ ರಾಕೆಟ್ ತಾನೇ ಹಾರುತ್ತೆ ಕಣೇ. ಇದ್ರಲ್ಲಿ ಮೇಲೊಬ್ಬ ಹಿಡ್ಕೊಂಡು ನಿಂತಿರ್ತಾನೆ. ಪಾಪ, ಕೈ ಎಷ್ಟು ನೋಯ್ತಿತ್ತೋ."

ಅತ್ತಿಗೆ ಫ್ಲಾಸ್ಕ್ ತೊಳೆಯುತ್ತೇನೆಂದು ಹೊರಗೆ ಹೋದರು. ಫ್ಲಾಸ್ಕ್ ಇಲ್ಲೇ ಇತ್ತು.

ಮಾರ್ಚ್ 11, ಮಂಗಳವಾರ. ಮಧ್ಯಾಹ್ನ 3

ಈಗ ಅಣ್ಣನ ಬಲಗೈಗೂ ಸೂಜಿ. ಬೆರಳ ತುದಿಯವರೆಗೆ ಬ್ಯಾಂಡೇಜ್ ಸುತ್ತಿದ್ದಾರೆ. ದರ್ಜಿಗೇ ಸೂಜಿ ಚುಚ್ಚುವುದರ ಬಗ್ಗೆ ಒಂದು ಜೋಕು ಸಿದ್ಧವಿತ್ತು. ಹೇಳಲಾಗಲಿಲ್ಲ.

ಹನ್ನೊಂದನೇ ಸಿನಿಮಾ. ರಾಕೆಟ್ ಪರದೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಸುಮ್ಮನೆ ಕೂತಿದ್ದೆ.

"ದಾರ," ಅಂದ ಅಣ್ಣ.

ನನ್ನ ಮೊದಲ ಸೋಲು.

"ಏನ್ ಮೇಷ್ಟ್ರೇ, ಕಣ್ಣು ಹೋಯ್ತಾ?"

"ಕನ್ನಡಕ ಬದಲಾಯಿಸ್ಬೇಕು ಅಣ್ಣ."

"ಹೂಂ. ಬದಲಾಯಿಸು." ನಕ್ಕ. ಬ್ಯಾಂಡೇಜಿನ ಕೈಯನ್ನು ನನ್ನತ್ತ ತುಸು ಎತ್ತಿ ತೋರಿಸಿದ. ಏನೆಂದು ಕೇಳುವ ಧೈರ್ಯ ಬರಲಿಲ್ಲ.

ಮಾರ್ಚ್ 14

ಬೆಳಿಗ್ಗೆ ಆರೂವರೆಗೆ ಅಣ್ಣ ಹೋದ.

ರಿಮೋಟ್ ಡ್ರಾಯರಿಗೆ ವಾಪಸ್ ಇಟ್ಟೆ. ಸಿಸ್ಟರ್ ಕಿಟಕಿಯ ಕಡೆ ನೋಡುತ್ತಿದ್ದರು.

ಏಪ್ರಿಲ್ 9, ಬುಧವಾರ. ಸಂಜೆ

ಹೊಸ ಕನ್ನಡಕ ಬಂತು. "ನಂಬರ್ ಬದಲಾಗಿಲ್ಲ ಸರ್, ಸುಮ್ನೆ ಯಾಕೆ?" ಅಂದಿದ್ದ ಅಂಗಡಿಯವನು. ಆದರೂ ಮಾಡಿಸಿದೆ. ಅಣ್ಣನಿಗೆ ಮಾತು ಕೊಟ್ಟಾಗಿತ್ತು.

ಅದನ್ನು ಹಾಕಿಕೊಂಡು ಹನ್ನೊಂದನೆಯದನ್ನೇ ಮತ್ತೆ ಹಚ್ಚಿದೆ. ಮನೆಯಲ್ಲಿ ಒಬ್ಬನೇ. ರಾಕೆಟ್ ಬಂತು, ಹೋಯಿತು. ಹಿಂದಕ್ಕೆ ಓಡಿಸಿದೆ. ನಿಲ್ಲಿಸಿದೆ. ಟಿವಿಗೆ ಮೂಗು ತಾಗಿಸಿ ನೋಡಿದೆ. ಏನೂ ಇಲ್ಲ. ಯಾರೂ ಹಿಡಿಯದೆ ತಾನೇ ಹಾರುತ್ತಿದೆ.

ಮಾರ್ಚ್ 3ರ ಬರಹಕ್ಕೆ ತಿದ್ದುಪಡಿ. ರಿಮೋಟ್ ಸಣ್ಣ ಕಳವು. ದೊಡ್ಡದು ಬೇರೆ ಇದೆ. ದಾರ ಕಂಡೊಡನೆ ಅಣ್ಣನ ಬಲಗೈಯ ಹೆಬ್ಬೆರಳು, ತೋರುಬೆರಳು ತಾವಾಗಿಯೇ ಹೊಸೆಯುತ್ತಿದ್ದವು — ಪೋಣಿಸುವ ಮುಂಚೆ ದಾರದ ತುದಿ ಹೊಸೆಯುತ್ತಾರಲ್ಲ, ಹಾಗೆ. ಅದನ್ನು ನೋಡಿ ಕೂಗುತ್ತಿದ್ದೆ. ಇಷ್ಟು ವರ್ಷ ನೋಡಿದ್ದು ಪರದೆಯನ್ನಲ್ಲ, ಆ ಕೈಯನ್ನು. ದಾರ ನನಗೆ ಇವತ್ತಿನವರೆಗೆ ಒಂದೇ ಒಂದು ಸಲವೂ...